ಛಾಯಾಚಿತ್ರದಿಂದ ಜಕಾರ್ಡ್ ನಕ್ಷೆಗೆ: ಮಗ್ಗಕ್ಕೆ ವಿನ್ಯಾಸ ಸಿದ್ಧಪಡಿಸುವ ಕ್ರಮ

ಮೊಬೈಲಿನಲ್ಲಿ ತೆಗೆದ ಚಿತ್ರವೊಂದನ್ನು ತೋರಿಸಿ, "ಇದನ್ನೇ ಸೆರಗಿಗೆ ನೇಯ್ದು ಕೊಡಿ" ಎಂದು ಕೇಳುವ ಗ್ರಾಹಕರು ಈಗ ನೇಕಾರರ ಊರುಗಳಿಗೆಲ್ಲ ಬರುತ್ತಿದ್ದಾರೆ. ಕೇಳುವವರಿಗೆ ಅದು ಸುಲಭದ ಮಾತು. ನೇಯುವವರಿಗೆ ಹಾಗಲ್ಲ, ಏಕೆಂದರೆ ಚಿತ್ರದಲ್ಲಿ ಇರುವುದು ಬೆಳಕು ಮತ್ತು ನೆರಳು, ಮಗ್ಗಕ್ಕೆ ಗೊತ್ತಿರುವುದು ಎತ್ತಿದ ಎಳೆ ಮತ್ತು ಎತ್ತದ ಎಳೆ. ಇವೆರಡರ ನಡುವೆ ಒಂದು ನಕ್ಷೆ ಬೇಕು. ಚೌಕಳಿ ಕಾಗದದ ಮೇಲೆ ಪ್ರತಿಯೊಂದು ಎಳೆಯ ಏಳುಬೀಳನ್ನು ಬರೆದಿಟ್ಟ ಆ ನಕ್ಷೆಯನ್ನು ಛಾಯಾಚಿತ್ರದಿಂದ ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಈ ಲೇಖನದಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಜಕಾರ್ಡ್, ಅಂದರೆ ವಿನ್ಯಾಸಕ್ಕೆ ತಕ್ಕಂತೆ ಎಳೆಗಳನ್ನು ಎತ್ತುವ ಯಂತ್ರ, ಇರುವ ಕೈಮಗ್ಗಕ್ಕೂ ವಿದ್ಯುತ್ ಮಗ್ಗಕ್ಕೂ ಇದು ಅನ್ವಯಿಸುತ್ತದೆ. ಬೇಕಾಗುವ ಸಾಧನಗಳು ಒಂದು ಸಾಧಾರಣ ಮೊಬೈಲ್ ಕ್ಯಾಮೆರಾ, ಒಂದು ಕಂಪ್ಯೂಟರ್, ಚಿತ್ರ ತಿದ್ದಲು ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ, ಮತ್ತು ಎಳೆ ಎಣಿಸಲು ಒಂದು ಭೂತಗನ್ನಡಿ.

ಛಾಯಾಚಿತ್ರವನ್ನು ನೇಯ್ಗೆಗೆ ತರುವ ಆಸೆ ಹೊಸದಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ತೂತು ಹೊಡೆದ ಕಾರ್ಡುಗಳಿಂದ ನಡೆಯುವ ಯಂತ್ರವನ್ನು ರೂಪಿಸಿದ ಮೇಲೆ ಎಂಥ ಚಿತ್ರವನ್ನಾದರೂ ನೇಯಬಹುದೆಂಬುದು ಖಚಿತವಾಯಿತು. 1839ರಲ್ಲಿ ಅದೇ ನಗರದಲ್ಲಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರಕ್ಕೆ ಸುಮಾರು 24,000 ಕಾರ್ಡುಗಳು ಬೇಕಾದವು. ಆದರೆ ಅಷ್ಟು ಕಾರ್ಡುಗಳಿಗೆ ಆಧಾರವಾಗುವ ನಕ್ಷೆಯನ್ನು ಮನುಷ್ಯನೇ ಚೌಕಚೌಕವಾಗಿ ಬಣ್ಣ ತುಂಬಿ ಬರೆಯಬೇಕಿತ್ತು, ದೊಡ್ಡ ವಿನ್ಯಾಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ಶ್ರಮವನ್ನು ಕ್ಯಾಮೆರಾದಿಂದ ಇಳಿಸಲು ಹೊರಟವರಲ್ಲಿ ಮುಖ್ಯನಾದವನು ಯಾನ್ ಶ್ಚೆಪಾನಿಕ್ ಎಂಬ ಪೋಲಿಷ್ ಸಂಶೋಧಕ. 1872ರಲ್ಲಿ ಹುಟ್ಟಿ, ಮೊದಲು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ಆತ 1890ರ ದಶಕದ ಕೊನೆಯಲ್ಲಿ ವಿಯೆನ್ನಾದಲ್ಲಿ ನೆಲೆಸಿ, ಛಾಯಾಚಿತ್ರವನ್ನು ಸೂಕ್ಷ್ಮ ಜಾಲರಿಯ ಮೂಲಕ ಹಾಯಿಸಿ ನೇಯ್ಗೆಯ ನಕ್ಷೆಯನ್ನಾಗಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಗ ವಿಯೆನ್ನಾದಲ್ಲಿಯೇ ಇದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1898ರಲ್ಲಿ ಅವನನ್ನು ಕಂಡು, ಆ ವಿಧಾನದ ಅಮೆರಿಕದ ಹಕ್ಕುಗಳನ್ನು ಕೊಳ್ಳುವ ಮಾತುಕತೆಯನ್ನೂ ನಡೆಸಿದ್ದ. ಶ್ಚೆಪಾನಿಕ್ 1926ರಲ್ಲಿ ತೀರಿಕೊಂಡ. ಇಂದು ನಮ್ಮ ಕಂಪ್ಯೂಟರ್ ಮಾಡುವ ಕೆಲಸ ತಾತ್ವಿಕವಾಗಿ ಅವನ ಜಾಲರಿ ಮಾಡುತ್ತಿದ್ದ ಕೆಲಸವೇ: ಎಡೆಬಿಡದ ನೆರಳುಬೆಳಕನ್ನು ಎಣಿಸಬಹುದಾದ ಚೌಕಗಳನ್ನಾಗಿ ಒಡೆಯುವುದು.

ಅಲ್ಲಿಂದ ಇಲ್ಲಿಯವರೆಗೆ ಬದಲಾಗದ ಸಂಗತಿ ಒಂದಿದೆ. ಚಿತ್ರಕ್ಕೆ ಎಳೆಗಳ ಲೆಕ್ಕ ತಿಳಿಯದು. ಅದನ್ನು ನಾವೇ ತಿಳಿಸಬೇಕು, ಅದೂ ಚಿತ್ರವನ್ನು ತೆರೆಯುವ ಮೊದಲೇ. ನಾನು ನೋಡಿದ ಕೆಟ್ಟ ಮಾದರಿಗಳಲ್ಲಿ ಬಹುಪಾಲು ಕೆಟ್ಟಿದ್ದು ಚಿತ್ರ ಕೆಟ್ಟದ್ದರಿಂದಲ್ಲ, ಎಣಿಕೆಯನ್ನು ಕೊನೆಗೆ ಮಾಡಿದ್ದರಿಂದ.

ಮೊದಲ ಹಂತ: ಮಗ್ಗದ ಲೆಕ್ಕ

ನೇಕಾರರ ಬಳಿಗೆ ಹೋಗಿ, ಮಗ್ಗದ ಪಕ್ಕದಲ್ಲಿ ಕುಳಿತು, ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಜಕಾರ್ಡ್‌ನಲ್ಲಿ ವಿನ್ಯಾಸಕ್ಕೆ ಸಿಗುವ ಹುಕ್ಕುಗಳು, ಅಂದರೆ ಎಳೆ ಎತ್ತುವ ಕೊಕ್ಕೆಗಳು, ಎಷ್ಟು? ಒಂದು ಹುಕ್ಕು ಎಷ್ಟು ಎಳೆಗಳನ್ನು ಎತ್ತುತ್ತದೆ? ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ಒಂದು ಅಂಗುಲಕ್ಕೆ ಎಷ್ಟು ಎಳೆ? ಹೊಕ್ಕಿನಲ್ಲಿ, ಅಂದರೆ ಅಡ್ಡ ಎಳೆಗಳಲ್ಲಿ, ಒಂದು ಅಂಗುಲಕ್ಕೆ ಎಷ್ಟು ಎಳೆ? ಬಟ್ಟೆಯ ಮುಖ ನೇಯುವಾಗ ಮೇಲಕ್ಕಿರುತ್ತದೆಯೋ ಕೆಳಕ್ಕಿರುತ್ತದೆಯೋ?

ಈ ಕೊನೆಯ ಪ್ರಶ್ನೆಯನ್ನು ಹೊಸಬರು ಕೇಳುವುದೇ ಇಲ್ಲ. ಎತ್ತಬೇಕಾದ ಹುಕ್ಕುಗಳು ಕಡಿಮೆಯಾದಷ್ಟೂ ತುಳಿಯುವ ಕಾಲಿಗೆ ಭಾರ ಕಡಿಮೆ. ಆದ್ದರಿಂದ ಅನೇಕ ಕಡೆ ಬಟ್ಟೆಯ ಮುಖವನ್ನು ಕೆಳಗೆ ಮಾಡಿ ನೇಯುತ್ತಾರೆ, ಅಂಥಲ್ಲಿ ನಕ್ಷೆಯ ಎಡಬಲ ಅದಲುಬದಲಾಗುತ್ತದೆ. ಹೂವಿಗೂ ಬಳ್ಳಿಗೂ ಇದರಿಂದ ಏನೂ ಆಗದು, ಅಕ್ಷರಕ್ಕೆ ಆಗುತ್ತದೆ. ಮದುವೆಯ ಸೀರೆಯೊಂದರ ಸೆರಗಿನಲ್ಲಿ ವಧುವಿನ ಹೆಸರು ನೇಯಬೇಕಿದ್ದ ನಕ್ಷೆಯನ್ನು ನಾನು ಈ ಪ್ರಶ್ನೆ ಕೇಳದೆ ಕೊಟ್ಟಿದ್ದೆ. ಬಟ್ಟೆಯನ್ನು ಮಗ್ಗದಿಂದ ಬಿಚ್ಚಿ ತಿರುಗಿಸಿದಾಗ ಹೆಸರು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿತ್ತು. ಒಂದೂವರೆ ದಿನದ ನೇಯ್ಗೆ ವ್ಯರ್ಥವಾಯಿತು. ಆ ದಿನದ ಕೂಲಿಯನ್ನು ಕೊಟ್ಟದ್ದಕ್ಕಿಂತ, ನೇಯ್ದವರ ಮುಖ ಸಪ್ಪಗಾದದ್ದು ನನ್ನನ್ನು ಹೆಚ್ಚು ಕಾಲ ಕಾಡಿತು.

ಉಳಿದ ನಾಲ್ಕು ಸಂಖ್ಯೆಗಳಿಂದ ವಿನ್ಯಾಸದ ಅಳತೆ ತಾನಾಗಿ ಬರುತ್ತದೆ. ಲೇಖನದ ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಹೋಗೋಣ. ಜಕಾರ್ಡ್ 240 ಹುಕ್ಕಿನದು, ಒಂದು ಹುಕ್ಕಿಗೆ ಒಂದೇ ಎಳೆ, ಹಾಸಿನಲ್ಲಿ ಅಂಗುಲಕ್ಕೆ 80 ಎಳೆ, ಹೊಕ್ಕಿನಲ್ಲಿ ಅಂಗುಲಕ್ಕೆ 60 ಎಳೆ ಎಂದುಕೊಳ್ಳೋಣ. 240ನ್ನು 80ರಿಂದ ಭಾಗಿಸಿದರೆ 3 ಅಂಗುಲ. ಅಂದರೆ ವಿನ್ಯಾಸದ ಅಗಲ 3 ಅಂಗುಲ, ಅದಕ್ಕಿಂತ ಹೆಚ್ಚು ಆಗದು. ಎತ್ತರ 4 ಅಂಗುಲ ಬೇಕಾದರೆ 4ನ್ನು 60ರಿಂದ ಗುಣಿಸಿದಾಗ ಸಿಗುವ 240 ಸಾಲುಗಳು ಬೇಕು. ಒಂದು ಸಾಲಿಗೆ ಒಂದು ಕಾರ್ಡಿನಂತೆ 240 ಕಾರ್ಡು. ಒಂದು ಹುಕ್ಕು ಎರಡೆಳೆ ಎತ್ತುವ ಮಗ್ಗವಾದರೆ ಅದೇ 240 ಹುಕ್ಕಿನಲ್ಲಿ 480 ಎಳೆ, 6 ಅಂಗುಲ ಅಗಲ ಸಿಗುತ್ತದೆ. ಆದರೆ ವಿನ್ಯಾಸದ ಅಂಚು ಎರಡೆರಡು ಎಳೆಗಳ ಮೆಟ್ಟಿಲಾಗಿ ಕಾಣುತ್ತದೆ. ಅಗಲ ಬೇಕೋ ನಯ ಬೇಕೋ ಎಂಬುದನ್ನು ಇಲ್ಲಿಯೇ ತೀರ್ಮಾನಿಸಿ.

ಜರಿಯ ಬುಟ್ಟಾದಂತೆ ಹೆಚ್ಚುವರಿ ಹೊಕ್ಕಿನಿಂದ ಆಗುವ ವಿನ್ಯಾಸದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಒಡಲಿನ ಹೊಕ್ಕು ತನ್ನ ಪಾಡಿಗೆ ನಡೆಯುತ್ತಿರುತ್ತದೆ, ನಕ್ಷೆಯ ಸಾಲುಗಳು ಜರಿಯ ಹೊಕ್ಕಿಗೆ ಮಾತ್ರ ಸಂಬಂಧಿಸಿದವು. ಅಂಗುಲಕ್ಕೆ ಜರಿಯ ಎಳೆ ಎಷ್ಟು ಬೀಳುತ್ತದೆ ಎಂಬುದನ್ನಷ್ಟೇ ಎತ್ತರದ ಲೆಕ್ಕಕ್ಕೆ ಹಿಡಿಯಬೇಕು. ಎರಡನ್ನೂ ಕೂಡಿಸಿ ಎಣಿಸಿದರೆ ಬುಟ್ಟಾ ಎತ್ತರದಲ್ಲಿ ಎಳೆದಂತಾಗುತ್ತದೆ.

ಎರಡನೆಯ ಹಂತ: ಚಿತ್ರ ತೆಗೆಯುವುದು

ನಮ್ಮ ಉದಾಹರಣೆಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಕೆಳಪಟ್ಟಿಕೆಗಳಲ್ಲಿ ಸಾಲಾಗಿ ನಡೆಯುವ ಹಂಸಗಳಲ್ಲಿ ಒಂದನ್ನು ಆರಿಸಿಕೊಳ್ಳೋಣ. ಬಳಪದ ಕಲ್ಲಿನ ಆ ಹಂಸದ ಬಾಲ ಬಳ್ಳಿಯಂತೆ ಸುರುಳಿ ಸುರುಳಿಯಾಗಿ ಹಿಂದಕ್ಕೆ ಚೆಲ್ಲಿಕೊಂಡಿದೆ, ನೇಯ್ಗೆಗೆ ಹೇಳಿ ಮಾಡಿಸಿದ ಆಕಾರ ಅದು. ಆದರೆ ಕಲ್ಲು ಒಂದೇ ಬಣ್ಣದ್ದು. ಆಕಾರ ತೋರುವುದು ನೆರಳಿನಿಂದ ಮಾತ್ರ. ಬೆಳಕು ಎದುರಿನಿಂದ ಬಿದ್ದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಫ್ಲಾಶ್ ಬಳಸಿದರೆ ಇನ್ನೂ ಚಪ್ಪಟೆ. ಬಿಸಿಲು ಗೋಡೆಯನ್ನು ಸವರಿಕೊಂಡು ಪಕ್ಕದಿಂದ ಬರುವ ಹೊತ್ತನ್ನು ಕಾಯಬೇಕು. ಹಾಗೆಂದು ಪೂರ್ತಿ ಕಡು ಬಿಸಿಲು ಬೇಡ, ಉದ್ದ ನೆರಳುಗಳು ಆಕಾರದ ಭಾಗವೇ ಎಂಬಂತೆ ನಕ್ಷೆಯೊಳಗೆ ಸೇರಿಕೊಳ್ಳುತ್ತವೆ. ತೆಳುಮೋಡದ ಬೆಳಗು ಎಲ್ಲಕ್ಕಿಂತ ಒಳ್ಳೆಯದು.

ಮೊಬೈಲನ್ನು ಹತ್ತಿರ ಹಿಡಿದು ತೆಗೆಯಬೇಡಿ. ಅಗಲ ನೋಟದ ಮಸೂರ ನಡುಭಾಗವನ್ನು ಉಬ್ಬಿಸಿ ಅಂಚುಗಳನ್ನು ಬಾಗಿಸುತ್ತದೆ. ಎರಡು ಮೂರು ಹೆಜ್ಜೆ ಹಿಂದೆ ಸರಿದು, ಎರಡು ಪಟ್ಟು ಹತ್ತಿರ ತರುವ ಮಸೂರವಿದ್ದರೆ ಅದನ್ನು ಬಳಸಿ, ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ. ಹೂವು, ಎಲೆ, ಹಣ್ಣುಗಳನ್ನು ತೆಗೆಯುವಾಗ ಹಿಂದೆ ಬಿಳಿಯ ಇಲ್ಲವೇ ಕಪ್ಪು ಹಲಗೆ ಇಟ್ಟರೆ ಮುಂದಿನ ಹಂತದಲ್ಲಿ ಒಂದು ಗಂಟೆಯ ಕೆಲಸ ಉಳಿಯುತ್ತದೆ. ಬೇರೆಯವರು ತೆಗೆದ ಚಿತ್ರವಾದರೆ ಅವರ ಒಪ್ಪಿಗೆ ಪಡೆದೇ ಬಳಸಿ.

ಹಳೆಯ ಸೀರೆಯ ವಿನ್ಯಾಸವನ್ನು ಮರಳಿ ನೇಯಬೇಕೆಂಬ ಬೇಡಿಕೆಯೂ ಬಹಳ ಬರುತ್ತದೆ. ಅಜ್ಜಿಯ ಸೀರೆಯನ್ನು ಹಾಸಿಗೆಯ ಮೇಲೆ ಹರಡಿ ಮೇಲಿನಿಂದ ಓರೆಯಾಗಿ ತೆಗೆದ ಚಿತ್ರ ಇದಕ್ಕೆ ಸಾಲದು. ಬಟ್ಟೆಯನ್ನು ಸುಕ್ಕಿಲ್ಲದೆ ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಅಡಿಪಟ್ಟಿ ಇಟ್ಟು, ಕಿಟಕಿಯ ಬೆಳಕಿನಲ್ಲಿ ನೇರ ಮೇಲಿನಿಂದ ತೆಗೆಯಿರಿ. ಅಂಗುಲಕ್ಕೆ ಎಷ್ಟು ಎಳೆ ಎಂಬುದನ್ನು ಚಿತ್ರದಿಂದ ಊಹಿಸದೆ, ಬಟ್ಟೆಯ ಮೇಲೆಯೇ ಭೂತಗನ್ನಡಿ ಇಟ್ಟು ಸೂಜಿಯ ತುದಿಯಿಂದ ಎಣಿಸಿ ಬರೆದಿಡಿ. ಎಣಿಕೆಯನ್ನು ಮೂರು ಕಡೆ ಮಾಡಿ ಸರಾಸರಿ ತೆಗೆದುಕೊಳ್ಳುವುದು ನನ್ನ ಪದ್ಧತಿ, ಏಕೆಂದರೆ ಉಟ್ಟು ಒಗೆದ ಸೀರೆಯಲ್ಲಿ ಎಳೆಗಳು ಸರಿದಿರುತ್ತವೆ. ಚಿತ್ರದಲ್ಲಿ ಒಂದೊಂದು ಎಳೆಗೂ ಕನಿಷ್ಠ 4 ಪಿಕ್ಸೆಲ್ ಸಿಗಬೇಕು. ಅಂಗುಲಕ್ಕೆ 80 ಎಳೆಯಿದ್ದು 6 ಅಂಗುಲದ ಬುಟ್ಟಾ ಆದರೆ 1,920 ಪಿಕ್ಸೆಲ್ ಅಗಲ, ಇದು ಈಗಿನ ಯಾವ ಮೊಬೈಲಿಗೂ ಕಷ್ಟವಲ್ಲ.

ಮೊದಲ ಬಾರಿಗೆ ಪ್ರಯತ್ನಿಸುವವರಿಗೆ ನಾನು ಹಂಸವನ್ನೂ ಹಳೆಯ ಸೀರೆಯನ್ನೂ ಹೇಳುವುದಿಲ್ಲ, ಕಸೂತಿಯನ್ನು ಹೇಳುತ್ತೇನೆ. ಧಾರವಾಡದ ಕಡೆಯ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ. ಗವಂತಿ, ಮುರ್ಗಿ, ಮೆಂತೆ, ನೇಗಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ನೇಗಿಯಂತೂ ಹೆಸರಿನಲ್ಲಿಯೂ ನೋಟದಲ್ಲಿಯೂ ನೇಯ್ಗೆಯೇ. ತೇರು, ಗೋಪುರ, ತುಳಸಿಕಟ್ಟೆ, ಆನೆ ಇವೆಲ್ಲ ಆ ಹೊಲಿಗೆಯಲ್ಲಿ ಆಗಲೇ ಚೌಕಳಿಯ ಮೇಲೆ ಕುಳಿತಿವೆ. ಕಸೂತಿಯ ಚಿತ್ರದಿಂದ ನಕ್ಷೆ ಮಾಡುವಾಗ ಕಳೆದುಕೊಳ್ಳುವುದು ಅತಿ ಕಡಿಮೆ, ಕಲಿಯುವುದು ಬಹಳ.

ಮೂರನೆಯ ಹಂತ: ಚಿತ್ರವನ್ನು ಎಳೆಗಳ ಅಳತೆಗೆ ಇಳಿಸುವುದು

ಗಿಂಪ್‌ನಲ್ಲಿ ಚಿತ್ರ ತೆರೆದು, ಬೇಕಾದಷ್ಟನ್ನು ಕತ್ತರಿಸಿ, ಓರೆಯಿದ್ದರೆ ನೇರ ಮಾಡಿ. ನಮ್ಮ ಹಂಸ 3ಕ್ಕೆ 4ರ ಚೌಕಟ್ಟಿನಲ್ಲಿ ಕೂರಬೇಕು. ಹಿನ್ನೆಲೆಯನ್ನು ಅಳಿಸಿ ಒಂದೇ ಬಣ್ಣ ತುಂಬಿ. "ಇಮೇಜ್" ಪಟ್ಟಿಯ "ಮೋಡ್" ಅಡಿಯಲ್ಲಿ "ಗ್ರೇಸ್ಕೇಲ್" ಆರಿಸಿ ಬಣ್ಣ ತೆಗೆಯಿರಿ. "ಕಲರ್ಸ್" ಪಟ್ಟಿಯ "ಲೆವೆಲ್ಸ್" ಬಳಸಿ ಕಪ್ಪನ್ನು ಪೂರ್ತಿ ಕಪ್ಪಾಗಿಯೂ ಬಿಳಿಯನ್ನು ಪೂರ್ತಿ ಬಿಳಿಯಾಗಿಯೂ ಮಾಡಿ. ಚಿತ್ರದಲ್ಲಿ ಇರುವುದು ಬಟ್ಟೆಯೇ ಆಗಿದ್ದರೆ ಈ ಹೊತ್ತಿಗೆ ಅದನ್ನು ತುಸು ಮಸುಕುಗೊಳಿಸುವುದು ಒಳ್ಳೆಯದು. ಇಲ್ಲದಿದ್ದರೆ ಬಟ್ಟೆಯ ಎಳೆಗಳಿಗೂ ಪಿಕ್ಸೆಲ್ಲುಗಳಿಗೂ ತಿಕ್ಕಾಟವಾಗಿ, ಚಿತ್ರವನ್ನು ಇಳಿಸಿದಾಗ ನೀರಿನ ಅಲೆಯಂತಹ ಪಟ್ಟೆಗಳು ಏಳುತ್ತವೆ.

ಇನ್ನು ಮುಖ್ಯ ಕೆಲಸ. "ಸ್ಕೇಲ್ ಇಮೇಜ್" ತೆರೆದು, ಅಗಲ ಎತ್ತರಗಳನ್ನು ಜೋಡಿಸಿರುವ ಸರಪಳಿಯ ಗುರುತನ್ನು ಬಿಚ್ಚಿ, ಅಗಲಕ್ಕೆ 240, ಎತ್ತರಕ್ಕೆ 240 ಎಂದು ಬರೆಯಿರಿ. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. 3ಕ್ಕೆ 4ರ ಚಿತ್ರ ಈಗ ಪರದೆಯ ಮೇಲೆ ಚಚ್ಚೌಕವಾಗಿ, ಹಂಸ ಕುಳ್ಳಗಾಗಿ ಕಾಣುತ್ತದೆ. ಅದು ಸರಿಯಾಗಿಯೇ ಇದೆ. ಬಟ್ಟೆಯಲ್ಲಿ ಹಾಸಿನ ಎಳೆಗಳು ಒತ್ತಾಗಿ, ಹೊಕ್ಕಿನ ಎಳೆಗಳು ಸ್ವಲ್ಪ ವಿರಳವಾಗಿ ಇರುವುದರಿಂದ ಒಂದೊಂದು ಚೌಕವೂ ನಿಂತ ಇಟ್ಟಿಗೆಯಂತೆ, ಅಗಲಕ್ಕಿಂತ ಎತ್ತರವಾಗಿರುತ್ತದೆ. ಪರದೆಯಲ್ಲಿ ಚೆನ್ನಾಗಿ ಕಾಣಲಿ ಎಂದು 240ಕ್ಕೆ 320 ಇಟ್ಟರೆ, ಆ 320 ಸಾಲುಗಳು ಅಂಗುಲಕ್ಕೆ 60ರಂತೆ 5.33 ಅಂಗುಲ ಆಕ್ರಮಿಸುತ್ತವೆ, 4 ಅಂಗುಲದ ಹಂಸ ಕೊಕ್ಕರೆಯಾಗುತ್ತದೆ. ಭಾವಚಿತ್ರವಾದರೆ ಮುಖ ಉದ್ದವಾಗಿ ಗುರುತೇ ಸಿಗದು. ಪರದೆಯಲ್ಲಿ ನಿಜವಾದ ಆಕಾರ ನೋಡಬೇಕೆನಿಸಿದರೆ, "ಪ್ರಿಂಟ್ ಸೈಜ್" ಅಡಿಯಲ್ಲಿ ಅಡ್ಡ ರೆಸಲ್ಯೂಶನ್ 80, ಲಂಬ ರೆಸಲ್ಯೂಶನ್ 60 ಎಂದು ಬರೆದು, "ವ್ಯೂ" ಪಟ್ಟಿಯಲ್ಲಿ "ಡಾಟ್ ಫಾರ್ ಡಾಟ್" ಎಂಬ ಆಯ್ಕೆಯನ್ನು ತೆಗೆದುಬಿಡಿ. ಆಗ ಗಿಂಪ್ ಬಟ್ಟೆಯ ಅನುಪಾತದಲ್ಲಿಯೇ ಚಿತ್ರವನ್ನು ತೋರಿಸುತ್ತದೆ.

ಇಳಿಸಿದ ನಂತರ "ಪೋಸ್ಟರೈಸ್" ಬಳಸಿ ಛಾಯೆಗಳನ್ನು ಕಡಿಮೆ ಮಾಡಿ. ಜರಿಯ ಬುಟ್ಟಾಗೆ ಎರಡೇ ಛಾಯೆ, ಜರಿ ಇದೆ ಅಥವಾ ಇಲ್ಲ. ಒಂದೇ ಬಣ್ಣದ ಹಾಸು, ಇನ್ನೊಂದು ಬಣ್ಣದ ಹೊಕ್ಕಿನಿಂದ ನೆರಳುಬೆಳಕು ತರುವುದಾದರೆ ಐದು ಛಾಯೆ ಸಾಕು. ಎಂಟಕ್ಕಿಂತ ಹೆಚ್ಚು ಛಾಯೆಗಳು ಕಾಗದದ ಮೇಲೆ ಚೆನ್ನಾಗಿ ಕಂಡರೂ ಬಟ್ಟೆಯಲ್ಲಿ ಒಂದರೊಳಗೊಂದು ಕರಗಿಹೋಗುತ್ತವೆ. ಆಮೇಲೆ "ಇಂಡೆಕ್ಸ್ಡ್" ಮೋಡಿಗೆ ಬದಲಿಸಿ, ಚುಕ್ಕೆಗಳನ್ನು ಚದುರಿಸಿ ಛಾಯೆ ತೋರಿಸುವ "ಡಿದರಿಂಗ್" ಬೇಡವೆಂದು ಆರಿಸಿ. ಇನ್ನು ಮುಂದೆ ಚಿತ್ರವನ್ನು ಹಿಗ್ಗಿಸುವುದಾದರೆ "ಇಂಟರ್‌ಪೊಲೇಶನ್" ಎಂಬಲ್ಲಿ "ನನ್" ಇರಲೇಬೇಕು, ಇಲ್ಲದಿದ್ದರೆ ತಂತ್ರಾಂಶ ಅಂಚುಗಳಿಗೆ ಮಧ್ಯಂತರ ಛಾಯೆಗಳನ್ನು ತಾನೇ ತುಂಬುತ್ತದೆ.

ನಾಲ್ಕನೆಯ ಹಂತ: ಕೈಯಿಂದ ತಿದ್ದುವುದು

ಯಾವ ತಂತ್ರಾಂಶವೂ ಈ ಹಂತವನ್ನು ಉಳಿಸಲಾರದು. ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ. ಹಂಸದ ಕಣ್ಣು ನಾಲ್ಕು ಚೌಕಗಳ ಕಲೆಯಾಗಿರುತ್ತದೆ. ಕೊಕ್ಕಿನ ಕೆಳಗೆ ಒಂಟಿ ಚುಕ್ಕೆಗಳು ಸಿಡಿದಿರುತ್ತವೆ. ಬಾಲದ ಸುರುಳಿಯಲ್ಲಿ ಗೆರೆ ಒಂದು ಕಡೆ ಮೂರು ಚೌಕ ದಪ್ಪ, ಇನ್ನೊಂದು ಕಡೆ ತುಂಡಾಗಿ ಮಾಯ. ಪೆನ್ಸಿಲ್ ಉಪಕರಣವನ್ನು ಒಂದು ಪಿಕ್ಸೆಲ್ ಅಳತೆಗೆ ಇಟ್ಟುಕೊಂಡು, ಬ್ರಷ್ ಬಳಸದೆ, ಒಂದೊಂದಾಗಿ ತಿದ್ದಿ. ಒಂಟಿ ಚುಕ್ಕೆಗಳನ್ನು ಅಳಿಸಿ, ಬಟ್ಟೆಯಲ್ಲಿ ಅವು ವಿನ್ಯಾಸವಾಗಿ ಕಾಣುವುದಿಲ್ಲ, ನೇಯ್ಗೆಯ ದೋಷವಾಗಿ ಕಾಣುತ್ತವೆ. ಯಾವ ಗೆರೆಯೂ ಎರಡು ಎಳೆಗಿಂತ ತೆಳ್ಳಗಿರದಂತೆ ನೋಡಿಕೊಳ್ಳಿ. ವಕ್ರರೇಖೆಗಳಲ್ಲಿ ಮೆಟ್ಟಿಲುಗಳು ಕ್ರಮವಾಗಿ ಬದಲಾಗಬೇಕು: ಐದು, ನಾಲ್ಕು, ಮೂರು, ಎರಡು, ಎರಡು, ಒಂದು ಎಂಬಂತೆ ಇಳಿದರೆ ಕಣ್ಣಿಗೆ ದುಂಡು. ಐದು, ಎರಡು, ನಾಲ್ಕು, ಒಂದು ಎಂದು ಏರಿಳಿದರೆ ಎಷ್ಟು ಒಳ್ಳೆಯ ಚಿತ್ರದಿಂದ ಬಂದಿದ್ದರೂ ಗೆರೆ ಸೊಟ್ಟಗೇ ಕಾಣುತ್ತದೆ.

ಹಂಸದ ಕಣ್ಣಿಗೆ ನಾನು ಛಾಯಾಚಿತ್ರವನ್ನು ಪೂರ್ತಿ ಬದಿಗಿಟ್ಟೆ. ಕಲ್ಲಿನಲ್ಲಿ ಕಣ್ಣಿನ ರೆಪ್ಪೆ ಎಷ್ಟೋ ಕಾಲದ ಗಾಳಿಮಳೆಗೆ ಸವೆದಿತ್ತು, ಚಿತ್ರದಲ್ಲಿ ಬರೀ ಮಸುಕು. ಶಿಲ್ಪಿ ಕೆತ್ತಿದಾಗ ಅಲ್ಲಿ ಏನಿದ್ದಿರಬಹುದೆಂದು ಪಕ್ಕದ ಹಂಸಗಳನ್ನು ನೋಡಿ ಅರಿತು, ಏಳು ಚೌಕ ಅಗಲ ಐದು ಚೌಕ ಎತ್ತರದ ಬಾದಾಮಿಯಾಕಾರವನ್ನು ಹೊಸದಾಗಿ ಬರೆದೆ. ಇಂಥಲ್ಲಿ ಚಿತ್ರಕ್ಕೆ ಅಂಟಿಕೊಂಡಿರುವುದು ನಿಷ್ಠೆಯಲ್ಲ.

ವಿನ್ಯಾಸ ಬಟ್ಟೆಯ ತುಂಬ ಮರುಕಳಿಸುವುದಾದರೆ, "ಲೇಯರ್" ಪಟ್ಟಿಯ "ಟ್ರಾನ್ಸ್‌ಫಾರ್ಮ್" ಅಡಿಯಲ್ಲಿರುವ "ಆಫ್‌ಸೆಟ್" ಬಳಸಿ ಚಿತ್ರವನ್ನು ಅರ್ಧ ಅಗಲ, ಅರ್ಧ ಎತ್ತರ ಸರಿಸಿ. ನಾಲ್ಕು ಅಂಚುಗಳು ನಡುವಿಗೆ ಬಂದು ಸೇರುತ್ತವೆ. ಕೂಡುವಲ್ಲಿ ಕಾಣುವ ಒಡಕನ್ನು ತಿದ್ದಿ, ಮತ್ತೆ ಅಷ್ಟೇ ಸರಿಸಿ ಮೊದಲಿನ ಸ್ಥಾನಕ್ಕೆ ತನ್ನಿ.

ಐದನೆಯ ಹಂತ: ಛಾಯೆಗೆ ನೇಯ್ಗೆ ಕೊಡುವುದು

ಇಲ್ಲಿಯವರೆಗೆ ಸಿದ್ಧವಾದದ್ದು ಚಿತ್ರ, ನಕ್ಷೆಯಲ್ಲ. ಕಪ್ಪು ಭಾಗವನ್ನು ಹಾಗೆಯೇ ಕಾರ್ಡಿಗೆ ಇಳಿಸಿದರೆ ಅಲ್ಲಿ ಹಾಸಿನ ಎಳೆಗಳು ನೇಯ್ಗೆಗೆ ಸಿಗದೆ ಅಂಗುಲಗಟ್ಟಲೆ ತೇಲುತ್ತವೆ, ಬಳೆಗೆ ಉಂಗುರಕ್ಕೆ ಸಿಕ್ಕಿ ಹರಿಯುತ್ತವೆ. ಪ್ರತಿಯೊಂದು ಛಾಯೆಗೂ ಎಳೆಗಳನ್ನು ಕಟ್ಟಿಹಾಕುವ ನೇಯ್ಗೆಯೊಂದನ್ನು ತುಂಬಬೇಕು. ನೆರಳುಬೆಳಕಿಗೆ ಎಂಟೆಳೆಯ ಸ್ಯಾಟಿನ್ ನನಗೆ ಅತ್ಯಂತ ಒಗ್ಗಿದ ನೇಯ್ಗೆ.

ಎಂಟು ಚೌಕ ಅಗಲ, ಎಂಟು ಚೌಕ ಎತ್ತರದ ಪುಟ್ಟ ಚಿತ್ರವೊಂದನ್ನು ಹೊಸದಾಗಿ ತೆರೆಯಿರಿ. ಮೊದಲ ಸಾಲಿನಲ್ಲಿ 1ನೆಯ ಚೌಕ, ಎರಡನೆಯ ಸಾಲಿನಲ್ಲಿ 4ನೆಯದು, ಹಾಗೆಯೇ ಮುಂದೆ 7, 2, 5, 8, 3, 6 ಇವುಗಳಿಗೆ ಕಪ್ಪು ತುಂಬಿ. ಪ್ರತಿ ಸಾಲಿಗೂ ಮೂರು ಮನೆ ಮುಂದೆ ಹೋಗುವುದೇ ಇದರ ಗುಟ್ಟು. ಎರಡು ಚುಕ್ಕೆಗಳು ಎಲ್ಲಿಯೂ ತಾಗದೆ ಹರಡಿಕೊಳ್ಳುತ್ತವೆ. ಎಂಟರಲ್ಲಿ ಒಂದೇ ಹಾಸಿನ ಎಳೆ ಮೇಲಿರುವ ಈ ನೇಯ್ಗೆಯಲ್ಲಿ ಹೊಕ್ಕಿನ ಬಣ್ಣ ಪೂರ್ತಿಯಾಗಿ ಕಾಣುತ್ತದೆ. ಪ್ರತಿ ಚುಕ್ಕೆಯ ಬಲಕ್ಕೆ ಇನ್ನೊಂದು ಚುಕ್ಕೆ ಸೇರಿಸಿದರೆ ಎರಡನೆಯ ಛಾಯೆ, ನಾಲ್ಕಾದರೆ ನಡುಛಾಯೆ, ಆರು, ಏಳು ಆದರೆ ಹಾಸಿನ ಬಣ್ಣ ಮೇಲುಗೈ. ಹೀಗೆ 1, 2, 4, 6, 7 ಎಂಬ ಐದು ಪುಟ್ಟ ಚಿತ್ರಗಳನ್ನು ಮಾಡಿ ಗಿಂಪ್‌ನ "ಪ್ಯಾಟರ್ನ್" ಆಗಿ ಉಳಿಸಿಕೊಂಡು, ಆಯಾ ಛಾಯೆಯ ಮೇಲೆ ಬಕೆಟ್ ಉಪಕರಣದಿಂದ ಸುರಿಯಿರಿ. ನಮ್ಮ 240 ಹುಕ್ಕು ಎಂಟರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಆದ್ದರಿಂದ ವಿನ್ಯಾಸ ಮರುಕಳಿಸುವಲ್ಲಿ ಸ್ಯಾಟಿನ್ ಮುರಿಯುವುದಿಲ್ಲ. ನಿಮ್ಮ ಮಗ್ಗದ ಹುಕ್ಕುಗಳು ಎಂಟರಿಂದ ಭಾಗವಾಗದಿದ್ದರೆ ಭಾಗವಾಗುವ ಬೇರೆ ಸ್ಯಾಟಿನ್ ಹುಡುಕಿ. ಐದೆಳೆಯ ಸ್ಯಾಟಿನ್‌ಗೆ 1, 3, 5, 2, 4 ಎಂಬುದು ಕ್ರಮ.

ಆಮೇಲೆ ತೇಲುವ ಎಳೆಗಳ ಪರೀಕ್ಷೆ. ಅಡ್ಡಲಾಗಿ ಸತತವಾಗಿ ಬಿಳಿಯಿದ್ದರೆ ಹೊಕ್ಕು ತೇಲುತ್ತಿದೆ, ಲಂಬವಾಗಿ ಸತತವಾಗಿ ಕಪ್ಪಿದ್ದರೆ ಹಾಸು ತೇಲುತ್ತಿದೆ. ಏಳು ಎಳೆಗಳ ಮೇಲೆ ತೇಲುವ ಹೊಕ್ಕು ನಮ್ಮ ಲೆಕ್ಕದಲ್ಲಿ ಸುಮಾರು 2.2 ಮಿಲಿಮೀಟರ್, ಏಳು ಸಾಲು ತೇಲುವ ಹಾಸು ಸುಮಾರು 3 ಮಿಲಿಮೀಟರ್. ಉಡುವ ಬಟ್ಟೆಗೆ ಇಷ್ಟು ಸರಿ, ಇದರ ಎರಡು ಪಟ್ಟಾದರೆ ಅಪಾಯ. ತೊಂದರೆ ಬರುವುದು ಎರಡು ಛಾಯೆಗಳು ಕೂಡುವ ಗಡಿಯಲ್ಲಿ. ಈ ಕಡೆಯ ತೇಲು ಆ ಕಡೆಯ ತೇಲಿಗೆ ಸೇರಿ ಹದಿನಾಲ್ಕಾಗುತ್ತದೆ. ಗಡಿಯುದ್ದಕ್ಕೂ ಕಪ್ಪಿಗೆ ಎದುರಾಗಿ ಬಿಳಿ ಬರುವಂತೆ ಒಂದೊಂದು ಚೌಕ ತಿದ್ದಿದರೆ ತೇಲೂ ತುಂಡಾಗುತ್ತದೆ, ಅಂಚೂ ಚೂಪಾಗುತ್ತದೆ. ಮುಖವನ್ನು ನೋಡಿದ ಮೇಲೆ "ಇನ್ವರ್ಟ್" ಮಾಡಿ ಬೆನ್ನನ್ನೂ ಹೀಗೆಯೇ ಪರೀಕ್ಷಿಸಿ.

ಜರಿಯ ಬುಟ್ಟಾದಲ್ಲಿ ಐದರಿಂದ ಏಳು ಎಳೆಗೊಮ್ಮೆ ಜರಿಯನ್ನು ಕಟ್ಟುವ ಚುಕ್ಕೆಗಳನ್ನು ಇಟ್ಟರೆ ಸಾಕು. ಒಂದು ಹುಕ್ಕಿಗೆ ಎರಡೆಳೆ ಇರುವಲ್ಲಿ ಐದು ಚೌಕವೆಂದರೆ ಹತ್ತೆಳೆ ಎಂಬುದು ನೆನಪಿರಲಿ. ಲಾಳಿ ಅಂಚಿನಿಂದ ಅಂಚಿಗೆ ಹೋಗುವುದಾದರೆ ಬುಟ್ಟಾಗಳ ನಡುವಿನ ಜರಿ ಬೆನ್ನಿನಲ್ಲಿ ತೇಲುತ್ತದೆ, ಅದನ್ನು ಆಮೇಲೆ ಕತ್ತರಿಸುತ್ತಾರೆ. ಹಾಗಾದಾಗ ಬುಟ್ಟಾದ ಅಂಚಿನಲ್ಲಿ ಕಟ್ಟು ಬಿಗಿಯಾಗಿರದಿದ್ದರೆ ಜರಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು. ಕೆಲವು ಎಳೆಗಳು ಉದ್ದಕ್ಕೂ ಸ್ಯಾಟಿನ್‌ನಲ್ಲಿಯೇ ಇದ್ದು, ಪಕ್ಕದವು ಉದ್ದಕ್ಕೂ ಒಂದು ಬಿಟ್ಟು ಒಂದು ಎಳೆ ಏಳುವ ಸಾದಾ ನೇಯ್ಗೆಯಲ್ಲಿದ್ದರೆ, ಸಾದಾ ನೇಯ್ಗೆಯ ಎಳೆ ಬೇಗ ಖರ್ಚಾಗಿ ಬಿಗಿಯಾಗುತ್ತದೆ, ಸ್ಯಾಟಿನ್‌ನ ಎಳೆ ಸಡಿಲವಾಗಿ ಜೋಲುತ್ತದೆ. ಚಿತ್ರದಲ್ಲಿ ನೆಟ್ಟಗೆ ನಿಂತ ಕಂಬವೋ ಕಾಂಡವೋ ಇದ್ದರೆ ಈ ತೊಂದರೆ ಖಂಡಿತ. ಅದನ್ನು ತುಸು ಬಳುಕಿಸಿ ಬರೆಯಿರಿ.

ಆರನೆಯ ಹಂತ: ನಕ್ಷೆಯಿಂದ ಕಾರ್ಡಿಗೆ

ಎಲೆಕ್ಟ್ರಾನಿಕ್ ಜಕಾರ್ಡ್ ಇರುವಲ್ಲಿ ಕಾರ್ಡಿನ ಅಗತ್ಯವಿಲ್ಲ. ಬಿಎಂಪಿಯಂತಹ ರೂಪದಲ್ಲಿ ಕಡತ ಉಳಿಸಿ ಕೊಟ್ಟರೆ ಅವರ ತಂತ್ರಾಂಶ ಮುಂದಿನದನ್ನು ನೋಡಿಕೊಳ್ಳುತ್ತದೆ. ಜೆಪೆಗ್ ರೂಪದಲ್ಲಿ ಮಾತ್ರ ಎಂದಿಗೂ ಉಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುವಾಗ ಚೌಕಗಳ ಅಂಚಿನಲ್ಲಿ ಬೂದು ಚುಕ್ಕೆಗಳನ್ನು ಹುಟ್ಟಿಸುತ್ತದೆ. ವಾಟ್ಸ್‌ಆಪ್‌ನಲ್ಲಿ ಚಿತ್ರವಾಗಿ ಕಳಿಸಿದರೂ ಇದೇ ಹಾನಿ, ಆದ್ದರಿಂದ "ಡಾಕ್ಯುಮೆಂಟ್" ಆಗಿ ಕಳಿಸಿ.

ಕಾರ್ಡ್ ಹೊಡೆಸುವುದಾದರೆ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಪ್ರತಿ ಚೌಕಕ್ಕೆ ತೆಳುಗೆರೆ, ಪ್ರತಿ ಎಂಟು ಚೌಕಕ್ಕೆ ದಪ್ಪಗೆರೆ ಬರುವಂತೆ ಜಾಲರಿ ಹಾಕಿ, ಹಲವು ಹಾಳೆಗಳಾಗಿ ಮುದ್ರಿಸಿ ಅಂಟಿಸಿ. ಸಾಲುಗಳಿಗೆ ಕೆಳಗಿನಿಂದ ಮೇಲಕ್ಕೆ ಸಂಖ್ಯೆ ಬರೆಯಿರಿ, ಏಕೆಂದರೆ ಬಟ್ಟೆ ಬೆಳೆಯುವುದು ಹಾಗೆ. ಮೊದಲ ಹುಕ್ಕು ಯಾವ ಕಡೆಯಿಂದ ಎಂಬುದನ್ನು ಹಾಳೆಯ ಮೇಲೆಯೇ ಬಾಣದ ಗುರುತಿನಿಂದ ತೋರಿಸಿ. ತುಂಬಿದ ಚೌಕಕ್ಕೆ ತೂತು ಎಂಬುದು ಸಾಮಾನ್ಯ ರೂಢಿ. ತೂತಿರುವಲ್ಲಿ ಸೂಜಿ ಒಳಹೋಗಿ ಹುಕ್ಕು ತನ್ನ ಸ್ಥಾನದಲ್ಲಿ ಉಳಿದು ಮೇಲೇಳುತ್ತದೆ, ತೂತಿಲ್ಲದಲ್ಲಿ ಕಾರ್ಡು ಸೂಜಿಯನ್ನು ತಳ್ಳಿ ಹುಕ್ಕನ್ನು ಬಿಡಿಸುತ್ತದೆ. ಮುಖ ಕೆಳಗಿರುವ ಮಗ್ಗದಲ್ಲಿ ಬಿಳಿಯನ್ನು ಹೊಡೆಯಬೇಕಾಗಬಹುದು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು, "ಕಪ್ಪು ಅಂದರೆ ತೂತು" ಅಥವಾ "ಬಿಳಿ ಅಂದರೆ ತೂತು" ಎಂದು ಪ್ರತಿ ಹಾಳೆಯಲ್ಲಿ ಬರೆದು ಕೊಡಿ.

ಏಳನೆಯ ಹಂತ: ಮಾದರಿ ನೇಯ್ದು ಅಳೆಯುವುದು

ಒಂದು ವಿನ್ಯಾಸದಷ್ಟು ನೇಯಿಸಿ, ಬಟ್ಟೆಯನ್ನು ಮಗ್ಗದಿಂದ ಬಿಚ್ಚಿ, ಒಂದು ರಾತ್ರಿ ಹಾಗೆಯೇ ಬಿಟ್ಟು ಅಳೆಯಿರಿ. ಬಿಗಿಯಲ್ಲಿದ್ದಾಗ ಅಳೆದ ಅಳತೆ ನಂಬಿಕೆಗೆ ಅರ್ಹವಲ್ಲ. ನಮ್ಮ ಹಂಸ 4 ಅಂಗುಲದ ಬದಲು 4.3 ಅಂಗುಲ ಬಂತೆನ್ನಿ. ನೇಕಾರರ ಹೊಡೆತ ಅಂಗುಲಕ್ಕೆ 60ರ ಬದಲು ಸುಮಾರು 56ರಷ್ಟೇ ಬಿದ್ದಿದೆ ಎಂದರ್ಥ. ವಿದ್ಯುತ್ ಮಗ್ಗವಾದರೆ ಗೇರ್ ಚಕ್ರ ಬದಲಿಸಿ 60ಕ್ಕೆ ತರಬಹುದು. ಕೈಮಗ್ಗದಲ್ಲಿ ನೇಯುವವರ ಕೈಯ ರೂಢಿಯನ್ನು ಬದಲಿಸಲು ಹೋಗದೆ ನಕ್ಷೆಯನ್ನೇ ಬದಲಿಸುವುದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. 240ನ್ನು 4ರಿಂದ ಗುಣಿಸಿ 4.3ರಿಂದ ಭಾಗಿಸಿದರೆ 223, ಎಂಟರಿಂದ ಭಾಗವಾಗುವ ಹತ್ತಿರದ ಸಂಖ್ಯೆ 224. ಮೂರನೆಯ ಹಂತದ ಚಿತ್ರಕ್ಕೆ ಮರಳಿ, ಎತ್ತರವನ್ನು 224ಕ್ಕೆ ಇಳಿಸಿ, ತಿದ್ದುವ ಕೆಲಸವನ್ನು ಮತ್ತೆ ಮಾಡಬೇಕು. ಸ್ಯಾಟಿನ್ ತುಂಬಿದ ನಕ್ಷೆಯನ್ನೇ ಕುಗ್ಗಿಸಲು ಹೋದರೆ ಕಟ್ಟುಗಳೆಲ್ಲ ಕಳಚಿ ಹೋಗುತ್ತವೆ. ಈ ಕಾರಣಕ್ಕೆ ಪ್ರತಿ ಹಂತದ ಕಡತವನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಿರಬೇಕು.

ಮಾದರಿಯನ್ನು ಮೊದಲಿನ ಕಿಟಕಿಯ ಬೆಳಕಿನಲ್ಲಿಯೇ ಛಾಯಾಚಿತ್ರ ತೆಗೆದು, ಮೂಲ ಚಿತ್ರದ ಪಕ್ಕದಲ್ಲಿ ಇಟ್ಟು, ಮೂರು ಮಾರು ದೂರ ನಿಂತು ನೋಡಿ. ಹತ್ತಿರದಿಂದ ಎಳೆ ಕಾಣುತ್ತದೆ, ಆ ದೂರದಿಂದ ಹಂಸ ಕಾಣಬೇಕು. ಕುತ್ತಿಗೆ ಒಡಲಿನ ಬಣ್ಣದಲ್ಲಿ ಮುಳುಗಿದ್ದರೆ ಆ ಛಾಯೆಯನ್ನು ಒಂದು ಮೆಟ್ಟಿಲು ಏರಿಸಿ. ರೇಷ್ಮೆಯಲ್ಲಿ ಸ್ಯಾಟಿನ್‌ನ ಹೊಳಪು ಬೆಳಕಿನ ದಿಕ್ಕಿಗೆ ತಕ್ಕಂತೆ ಬದಲಾಗುವುದರಿಂದ, ಬಟ್ಟೆಯನ್ನು ತಿರುಗಿಸಿಯೂ ನೋಡಿ.

ಎಲ್ಲ ಸರಿಯಾದ ಮೇಲೆ ಕಡತದ ಹೆಸರಿನಲ್ಲಿಯೇ ಹುಕ್ಕು, ಹಾಸು, ಹೊಕ್ಕು, ಸಾಲು ಈ ನಾಲ್ಕು ಸಂಖ್ಯೆಗಳನ್ನು ಸೇರಿಸಿ: "ಹಂಸ-240-80-56-224" ಎಂಬಂತೆ. ಮುದ್ರಿತ ನಕ್ಷೆಯ ಹಿಂಬದಿಗೆ ಮಾದರಿ ಬಟ್ಟೆಯ ತುಣುಕೊಂದನ್ನು ಪಿನ್ ಮಾಡಿ, ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ನಂಬರು, ನೂಲಿನ ನಂಬರು, ಮುಖ ಮೇಲೋ ಕೆಳಗೋ ಎಂಬುದನ್ನು ಬರೆದು, ಒಂದು ಪ್ರತಿಯನ್ನು ನೇಕಾರರ ಮನೆಯಲ್ಲಿಯೇ ಬಿಟ್ಟು ಬನ್ನಿ. ಎರಡು ವರ್ಷದ ನಂತರ ಅದೇ ಹಂಸವನ್ನು ಯಾರಾದರೂ ಮತ್ತೆ ಕೇಳಿಕೊಂಡು ಬಂದಾಗ, ಮಗ್ಗಕ್ಕೆ ಹೊಸ ಹಾಸು ಹೂಡುವ ಮೊದಲು ಆ ಹಾಳೆಯನ್ನು ತೆರೆದು ನೋಡಿದರೆ ಸಾಕಾಗುತ್ತದೆ.